ಕೊಳಗದ ಲೆಕ್ಕ ಕೇಳಿದ ಶಾಂತವೇರಿ ಗೋಪಾಲಗೌಡ



ನಿಮ್ಮ ಮನೆ ಬಂಟ್ವಾಳ, ಬೆಳ್ತಂಗಡಿ ಅಥವಾ ಮೂಡಬಿದಿರೆಯ ಆಸುಪಾಸಿನಲ್ಲಿದ್ದರೆ ಹಿರಿಯರ ಹಳೆಯ ಪೆಟ್ಟಿಗೆಯನ್ನೊಮ್ಮೆ ತೆರೆದು ನೋಡಿ. ಮದುವೆಯ ಕಾಗದ, ರೇಶನ್ ಕಾರ್ಡು, ತೀರ್ವೆ ಕಟ್ಟಿದ ರಶೀದಿಗಳ ನಡುವೆ, ಅಂಚು ಹರಿದ ಇನ್ನೊಂದು ಕಾಗದವೂ ಸಿಗಬಹುದು. ಅದರಲ್ಲಿ ನಿಮ್ಮ ಅಜ್ಜನ ಹೆಸರಿದೆ, ಸರ್ವೆ ನಂಬರ್ ಇದೆ, ಭೂನ್ಯಾಯ ಮಂಡಳಿಯ ಮೊಹರಿದೆ. ನಮ್ಮ ಕಡೆಯವರು ಅಂತಹ ಭೂಮಿಯನ್ನು ಡಿಕ್ಲರೇಶನ್‌ನಲ್ಲಿ ಬಂದ ಜಾಗ ಎನ್ನುತ್ತಾರೆ. ಅದರಲ್ಲೇ ಮನೆ ಎದ್ದಿದೆ, ಅಡಿಕೆ ತೋಟ ಬೆಳೆದಿದೆ. ಅದರ ಆದಾಯದಿಂದಲೇ ಮಕ್ಕಳು ಓದಿದ್ದಾರೆ, ಕೆಲವರು ಕಡಲಾಚೆಗೂ ಹೋಗಿದ್ದಾರೆ.

ಆದರೆ ಆ ಕಾಗದ ಮನೆಗೆ ಬಂದದ್ದು ಹೇಗೆಂದು ಮಕ್ಕಳನ್ನು ಕೇಳಿ. ಸರಕಾರ ಕೊಟ್ಟಿತು ಎನ್ನುತ್ತಾರೆ. ಸರಕಾರ ಕೊಟ್ಟದ್ದು ನಿಜ. ಆದರೆ ಅದು ತಾನಾಗಿ ಕೊಟ್ಟಿತೇ? ಶತಮಾನಗಳಿಂದ ಇದ್ದ ಧಣಿ-ಒಕ್ಕಲು ಸಂಬಂಧ ಒಂದು ಬೆಳಿಗ್ಗೆ ಸುಮ್ಮನೆ ಕಳಚಿ ಬಿತ್ತೇ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೊರಟರೆ ನಾವು ಮೂಡಬಿದಿರೆಯಿಂದ ಕಾರ್ಕಳಕ್ಕೆ, ಅಲ್ಲಿಂದ ಆಗುಂಬೆ ಘಾಟಿ ಹತ್ತಿ ತೀರ್ಥಹಳ್ಳಿಗೆ ಹೋಗಬೇಕಾಗುತ್ತದೆ. ಆ ತಾಲೂಕಿನ ಆರಗದಲ್ಲಿ 1923ರ ಮಾರ್ಚ್ 14ರಂದು ಹುಟ್ಟಿ, 49ನೆಯ ವಯಸ್ಸಿನಲ್ಲೇ ಇಹಲೋಕ ತ್ಯಜಿಸಿದ ಶಾಂತವೇರಿ ಗೋಪಾಲಗೌಡರ ಬದುಕನ್ನು ತಿಳಿಯಬೇಕಾಗುತ್ತದೆ.

ನಮ್ಮ ಅಜ್ಜಂದಿರ ಕಾಲ

ಮೊದಲು ನಮ್ಮ ಊರಿನ ಸ್ಥಿತಿಯನ್ನು ನೆನಪಿಸಿಕೊಳ್ಳಿ. ದಕ್ಷಿಣ ಕನ್ನಡವು ಗೇಣಿ ಪದ್ಧತಿ ಆಳವಾಗಿ ಬೇರೂರಿದ್ದ ಜಿಲ್ಲೆ. ಮೂಲಗೇಣಿಯವರಿಗೆ ಸ್ವಲ್ಪ ಭದ್ರತೆ ಇತ್ತು, ಅವರ ಹಕ್ಕು ಮಕ್ಕಳಿಗೂ ಬರುತ್ತಿತ್ತು. ಚಾಲಗೇಣಿಯವರಿಗೆ ಅದೂ ಇರಲಿಲ್ಲ. ಧಣಿಗೆ ಬೇಡವೆನಿಸಿದರೆ ಒಕ್ಕಲು ಎದ್ದು ಹೋಗಬೇಕು. ತಾನು ನೆಟ್ಟ ತೆಂಗು, ತಾನು ಕಟ್ಟಿದ ಕಟ್ಟಪುಣಿ, ತಾನು ತೋಡಿದ ಕೆರೆ ಎಲ್ಲವನ್ನೂ ಬಿಟ್ಟು ಹೋಗಬೇಕು. ಮಳೆ ಬರಲಿ ಬಾರದಿರಲಿ, ಅಕ್ಕಿ ಮುಡಿ ಕಟ್ಟಿ ಧಣಿಯ ಮನೆಗೆ ಹೊತ್ತು ಹಾಕಬೇಕು. ಸ್ವಂತ ಮನೆಯಲ್ಲಿ ಗಂಜಿಗೂ ಗತಿಯಿಲ್ಲದ ಆಷಾಢದಲ್ಲಿ ತಾನೇ ಬೆಳೆದ ಅಕ್ಕಿಯನ್ನು ಧಣಿಯಿಂದ ಸಾಲವಾಗಿ ತರಬೇಕು. ಹಾಗೆ ಬದುಕಿದವರಲ್ಲಿ ಮುಸ್ಲಿಮರಿದ್ದರು, ಬಿಲ್ಲವರಿದ್ದರು, ಗೌಡರು, ಕ್ರೈಸ್ತರು, ಬಡ ಬಂಟರು, ಬಡ ಬ್ರಾಹ್ಮಣರು ಎಲ್ಲರೂ ಇದ್ದರು. ಧಣಿಗಳ ಸಾಲಿನಲ್ಲೂ ಒಂದೇ ಧರ್ಮದವರಿರಲಿಲ್ಲ.

ಜನರು ಯಾವಾಗಲೂ ತಲೆತಗ್ಗಿಸಿಯೇ ಇದ್ದರೆಂದು ಭಾವಿಸಬೇಡಿ. 1830-31ರಲ್ಲಿ, ಕಂಪೆನಿ ಸರಕಾರದ ಕಾಲದಲ್ಲಿ, ಬಂಟ್ವಾಳವೂ ಸೇರಿದಂತೆ ಕನರಾ ಜಿಲ್ಲೆಯ ಅನೇಕ ಕಡೆ ರೈತರು ಕೂಟ ಸೇರಿದರು. ತೀರ್ವೆ ಹೆಚ್ಚಾಗಿದೆ, ಕಟ್ಟುವುದಿಲ್ಲ ಎಂದು ನಿರ್ಧರಿಸಿದರು. ಮಂಗಳೂರಿನ ಕದ್ರಿಯಲ್ಲಿ ದೊಡ್ಡ ಕೂಟವೇ ನಡೆಯಿತು. ಕತ್ತಿ ಹಿಡಿಯದೆ, ಬರಿಯ ಅರ್ಜಿ ಮತ್ತು ಒಗ್ಗಟ್ಟನ್ನು ಹಿಡಿದು ಅವರು ಸರಕಾರವನ್ನು ತನಿಖೆ ನಡೆಸುವ ಸ್ಥಿತಿಗೆ ತಂದರು. ಆದರೆ ಆ ಕೂಟ ಸರಕಾರದ ತೀರ್ವೆಯ ವಿರುದ್ಧವಾಗಿತ್ತು. ಒಕ್ಕಲಿನ ಹೆಗಲ ಮೇಲಿದ್ದ ಗೇಣಿಯ ಹೊರೆ ಮತ್ತೆ ನೂರು ವರ್ಷ ದಾಟಿಯೂ ಹಾಗೆಯೇ ಉಳಿಯಿತು. ಆ ಹೊರೆಯನ್ನು ಪ್ರಶ್ನಿಸುವ ಧ್ವನಿ ಸ್ವಾತಂತ್ರ್ಯಾನಂತರ ಘಟ್ಟದ ಮೇಲೆ ಗಟ್ಟಿಯಾಗಿ ಕೇಳಿಬಂತು.

ಜೈಲಿನಿಂದ ಆರಂಭವಾದ ಸಾರ್ವಜನಿಕ ಬದುಕು

ಗೋಪಾಲಗೌಡರದು ಸಿರಿವಂತ ಮನೆಯಲ್ಲ. ಮಲೆನಾಡಿನ ಮಳೆ, ಮಲೇರಿಯಾ ಮತ್ತು ಬಡತನದ ನಡುವೆ ಬೆಳೆದ ಹುಡುಗ. 1942ರಲ್ಲಿ ಬ್ರಿಟಿಷರೇ ಭಾರತ ಬಿಟ್ಟು ತೊಲಗಿ ಎಂಬ ಕೂಗು ಎದ್ದಾಗ ಅವರು ವಿದ್ಯಾರ್ಥಿ. ಚಳವಳಿಗೆ ಧುಮುಕಿದರು, ಸೆರೆಮನೆ ಸೇರಿದರು. ಅನೇಕ ಯುವಕರಿಗೆ 1947ರಲ್ಲಿ ಹೋರಾಟ ಮುಗಿಯಿತು. ಖಾದಿ ತೊಟ್ಟವರಿಗೆ ಕುರ್ಚಿಯ ದಾರಿ ತೆರೆದುಕೊಂಡಿತು. ಗೋಪಾಲಗೌಡರಿಗೆ ಹಾಗನಿಸಲಿಲ್ಲ. ಬಾವುಟ ಬದಲಾದರೂ ಒಕ್ಕಲಿನ ಬೆನ್ನಿನ ಮೇಲಿನ ಮೂಟೆ ಇಳಿದಿರಲಿಲ್ಲ. ಅವರು ಅಧಿಕಾರದ ಪಕ್ಷವನ್ನು ಸೇರದೆ ಸಮಾಜವಾದಿ ಪಕ್ಷವನ್ನು ಆರಿಸಿಕೊಂಡರು. ಜಯಪ್ರಕಾಶ ನಾರಾಯಣ, ರಾಮಮನೋಹರ ಲೋಹಿಯಾ ಅವರ ವಿಚಾರಗಳಿಂದ ಪ್ರಭಾವಿತರಾಗಿ ಹಳ್ಳಿಹಳ್ಳಿ ಸುತ್ತಿದರು.

ಕಾಗೋಡಿನ ಕೊಳಗ

ಸಾಗರ ತಾಲೂಕಿನಲ್ಲಿ ಕಾಗೋಡು ಎಂಬ ಪುಟ್ಟ ಹಳ್ಳಿಯಿದೆ. ಅಲ್ಲಿನ ಗೇಣಿದಾರರು ಹೆಚ್ಚಿನವರು ದೀವರು. ಅವರು ಧಣಿಗೆ ಗೇಣಿ ಭತ್ತವನ್ನು ಕೊಳಗದಿಂದ ಅಳೆದು ಕೊಡಬೇಕಿತ್ತು. ನಮ್ಮಲ್ಲಿ ಸೇರು, ಕಳಸೆ, ಮುಡಿ ಇದ್ದಂತೆ ಅಲ್ಲಿ ಕೊಳಗ. ಆದರೆ ಧಣಿ ಭತ್ತ ಅಳೆಯುವ ಕೊಳಗ ಎಲ್ಲರ ಕೊಳಗಕ್ಕಿಂತ ದೊಡ್ಡದಾಗಿತ್ತು. ಲೆಕ್ಕದ ಪುಸ್ತಕದಲ್ಲಿ ಬರೆಯುವುದು ಒಂದು, ಅಂಗಳದಿಂದ ಹೊರಟು ಹೋಗುವುದು ಅದಕ್ಕಿಂತ ಹೆಚ್ಚು. ಇದರ ಜೊತೆಗೆ ಧಣಿಯ ಮನೆಯ ಬಿಟ್ಟಿ ಚಾಕರಿ ಬೇರೆ.

ಓದುಗರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಅಳತೆಯಲ್ಲಿ ವಂಚಿಸುವುದನ್ನು ನಮ್ಮ ಧರ್ಮವು ಸಣ್ಣ ತಪ್ಪೆಂದು ಎಣಿಸಿಲ್ಲ. ಪವಿತ್ರ ಕುರ್‌ಆನಿನ 83ನೆಯ ಅಧ್ಯಾಯಕ್ಕೆ ಅಂತಹ ವಂಚಕರ ಹೆಸರೇ ಇದೆ. ಪಡೆಯುವಾಗ ತುಂಬಿ ಪಡೆದು ಕೊಡುವಾಗ ಕಡಿಮೆ ಕೊಡುವವರಿಗೆ ಅದು ವಿನಾಶದ ಎಚ್ಚರಿಕೆ ನೀಡುತ್ತದೆ. ಪ್ರವಾದಿ ಶುಐಬ್(ಅ) ಮದ್‌ಯನ್ ಜನತೆಗೆ ನೀಡಿದ ಬೋಧನೆಯಲ್ಲಿ ಅಲ್ಲಾಹನ ಆರಾಧನೆಯ ಕರೆಯ ಜೊತೆಗೇ ಅಳತೆ-ತೂಕವನ್ನು ಸರಿಪಡಿಸಿಕೊಳ್ಳುವ ಕರೆಯೂ ಇತ್ತು. ಒಂದು ಜನಾಂಗದ ನಾಶಕ್ಕೆ ಕಾರಣವಾದ ಪಾಪಗಳಲ್ಲಿ ಸುಳ್ಳು ಅಳತೆಯೂ ಒಂದು ಎಂಬುದನ್ನು ಅರಿತವರಿಗೆ ಕಾಗೋಡಿನ ಗೇಣಿದಾರರ ಸಂಕಟ ಅಪರಿಚಿತವಾಗಬಾರದು.

ಸಾಗರ ಸೀಮೆಯಲ್ಲಿ ಎಚ್. ಗಣಪತಿಯಪ್ಪ ಎಂಬವರು ಗೇಣಿದಾರರನ್ನು ಸೇರಿಸಿ ರೈತ ಸಂಘ ಕಟ್ಟಿದ್ದರು. ಸಂಘ ಕೇಳಿದ್ದು ಬಹಳ ಸರಳವಾದದ್ದು. ಭೂಮಿಯನ್ನೇ ಕೊಡಿ ಎಂದು ಅವರು ಮೊದಲು ಕೇಳಲಿಲ್ಲ. ಸರಿಯಾದ ಕೊಳಗದಲ್ಲಿ ಅಳೆಯಿರಿ, ಕೊಟ್ಟದ್ದಕ್ಕೆ ರಶೀದಿ ಕೊಡಿ, ಬಿಟ್ಟಿ ದುಡಿಸಬೇಡಿ ಎಂದರು. ಉತ್ತರವಾಗಿ ಬಂದದ್ದು ಹೊಲದಿಂದ ಹೊರಹಾಕುವ ಬೆದರಿಕೆ. ಉಳುಮೆಯ ಹೊತ್ತು ಬಂದಾಗ ಗೇಣಿದಾರರು ತಮ್ಮದೇ ಗದ್ದೆಗೆ ಕಾಲಿಡದಂತಾಯಿತು.

1951ರ ಏಪ್ರಿಲ್ 18ರಂದು ಕಾಗೋಡಿನಲ್ಲಿ ಸತ್ಯಾಗ್ರಹ ಆರಂಭವಾಯಿತು. ಸಮಾಜವಾದಿ ಪಕ್ಷ ಅದರ ಬೆನ್ನಿಗೆ ನಿಂತಿತು. ಗೋಪಾಲಗೌಡರು ಮುಂಚೂಣಿಗೆ ಬಂದರು. ಅವರಿಗಾಗ 28 ವರ್ಷ. ಅವರು ಕಾಗೋಡಿನ ಗೇಣಿದಾರರಲ್ಲ, ಆ ಗೇಣಿದಾರರ ಜಾತಿಯವರೂ ಅಲ್ಲ. ಅವರಿಗೆ ಅಲ್ಲಿ ಒಂದು ಅಂಗುಲ ಭೂಮಿಯೂ ಬರುವಂತಿರಲಿಲ್ಲ. ತನಗಾಗದ ಅನ್ಯಾಯಕ್ಕೆ ತಾನು ಜೈಲಿಗೆ ಹೋಗಲು ಸಿದ್ಧನಾದ ಮನುಷ್ಯನ ಮಾತಿಗೆ ಬೇರೆಯೇ ತೂಕವಿರುತ್ತದೆ.

ಸತ್ಯಾಗ್ರಹದ ರೀತಿ ಹೀಗಿತ್ತು. ಒಂದು ತಂಡ ನೇಗಿಲು ಹಿಡಿದು ಗದ್ದೆಗೆ ಇಳಿಯುವುದು. ಪೊಲೀಸರು ಬಂದು ಹಿಡಿದೊಯ್ಯುವುದು. ಇನ್ನೊಂದು ತಂಡ ಬರುವುದು, ಅದನ್ನೂ ಹಿಡಿದೊಯ್ಯುವುದು. ಯಾರೂ ಕಲ್ಲೆತ್ತಲಿಲ್ಲ. ಅಪರಾಧವೆಂದರೆ ಉಳುವುದು! ಅನ್ನ ಬೆಳೆಯಲು ಹೋದವನ ಕೈಗೆ ಕೋಳ ತೊಡಿಸಬೇಕಾಗಿ ಬಂದ ಸರಕಾರಕ್ಕೆ ತನ್ನ ಮುಖವನ್ನು ತಾನೇ ನೋಡಿಕೊಳ್ಳುವ ಸ್ಥಿತಿ ಬಂತು. ಆ ವರ್ಷದ ಜೂನ್‌ನಲ್ಲಿ ಲೋಹಿಯಾ ಅವರೇ ಸಾಗರಕ್ಕೆ ಬಂದು ಬಂಧನಕ್ಕೊಳಗಾದರು. ಅಲ್ಲಿಯವರೆಗೆ ಮಲೆನಾಡಿನ ಮೂಲೆಯ ಜಗಳವಾಗಿದ್ದ ಕಾಗೋಡು ದೇಶದ ಪತ್ರಿಕೆಗಳಲ್ಲಿ ಸುದ್ದಿಯಾಯಿತು.

ಗೆಲುವು ಬಂತೇ? ಕೂಡಲೇ ಬರಲಿಲ್ಲ. ನೂರಾರು ಮಂದಿ ಸೆರೆಮನೆ ಕಂಡರು, ಬಡವರ ಮನೆಗಳಲ್ಲಿ ಒಲೆ ಉರಿಯದ ದಿನಗಳು ಬಂದವು. ಸತ್ಯಾಗ್ರಹ ನಿಂತಾಗ ಗೇಣಿದಾರರ ಕೈಯಲ್ಲಿ ಹಕ್ಕುಪತ್ರವಿರಲಿಲ್ಲ. ಸೋತೆವು ಎಂದು ಅನೇಕರು ಕೈಚೆಲ್ಲಿ ಕುಳಿತಿರಬಹುದು. ಆದರೆ ಹೆದರಿ ಬಗ್ಗಿದ್ದ ಬೆನ್ನು ಒಮ್ಮೆ ನೆಟ್ಟಗಾದರೆ ಮತ್ತೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ.

ಗದ್ದೆಯಿಂದ ವಿಧಾನಸಭೆಗೆ

ಮರುವರ್ಷ, 1952ರಲ್ಲಿ, ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆ ನಡೆಯಿತು. ಹೊಲದಿಂದ ಹೊರಹಾಕಲ್ಪಟ್ಟವನ ಕೈಯಲ್ಲೂ ಈಗ ಧಣಿಯ ಕೈಯಲ್ಲಿದ್ದಷ್ಟೇ ಬೆಲೆಯ ಒಂದು ಮತವಿತ್ತು. ಅಳತೆ ಮೋಸವಿಲ್ಲದ ಕೊಳಗ ಅದೊಂದೇ ಎನ್ನಬಹುದು. ಸಾಗರ-ಹೊಸನಗರ ಕ್ಷೇತ್ರದ ಜನರು ಗೋಪಾಲಗೌಡರನ್ನು ಮೈಸೂರು ವಿಧಾನಸಭೆಗೆ ಆರಿಸಿ ಕಳುಹಿಸಿದರು. ಸ್ವಾತಂತ್ರ್ಯ ಹೋರಾಟದ ಕೀರ್ತಿಯಿಂದ ಬೀಗುತ್ತಿದ್ದ ಕಾಂಗ್ರೆಸ್ ಪಕ್ಷದ ಎದುರು, ಕೈಯಲ್ಲಿ ಹಣವಿಲ್ಲದ ಯುವಕ ಗೆದ್ದದ್ದು ಸಣ್ಣ ಸಂಗತಿಯಲ್ಲ.

1957ರಲ್ಲಿ ಅವರು ಸೋತರು. ಸೋತಾಗ ಪಕ್ಷ ಬದಲಿಸಲಿಲ್ಲ. 1962ರಲ್ಲಿ ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಗೆದ್ದು ಬಂದರು. ಅವರು ಚುನಾವಣೆ ನಡೆಸಿದ ಬಗೆಯನ್ನು ಮಲೆನಾಡಿನ ಹಿರಿಯರು ಇಂದಿಗೂ ನೆನೆಯುತ್ತಾರೆ. ಮತದಾರರಿಗೆ ಹಣ ಹಂಚುವ ಬದಲು ಅವರು ಮತದಾರರ ಬಳಿ ಒಂದು ಮತ ಮತ್ತು ಒಂದು ನೋಟು ಕೇಳಿದರು. ಮತದಾರನಿಂದ ಹಣ ಪಡೆದವನು ಮತದಾರನಿಗೆ ಋಣಿ. ಧನಿಕನಿಂದ ಪಡೆದವನು ಧನಿಕನಿಗೆ ಋಣಿ. ಇಷ್ಟು ಸರಳವಾದ ಲೆಕ್ಕ. ಇಂದು ಚುನಾವಣೆ ಬಂತೆಂದರೆ ಮನೆ ಬಾಗಿಲಿಗೆ ಬರುವ ಲಕೋಟೆಯನ್ನು ತೆಗೆದುಕೊಳ್ಳುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು. ಲಕೋಟೆ ಪಡೆದವನಿಗೆ ಐದು ವರ್ಷ ಪ್ರಶ್ನೆ ಕೇಳುವ ಬಾಯಿ ಇರುತ್ತದೆಯೇ?

ಸದನದಲ್ಲಿ ಅವರ ಜೊತೆಗಿದ್ದವರು ಕಡಿಮೆ, ಆದರೆ ಅವರ ಮಾತು ದೊಡ್ಡದಾಗಿತ್ತು. ಗೇಣಿದಾರರ ಹಕ್ಕು, ಕನ್ನಡದಲ್ಲಿ ಆಡಳಿತ, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು, ಇವು ಅವರು ಮತ್ತೆ ಮತ್ತೆ ಎತ್ತಿದ ವಿಷಯಗಳು. ಅವರು ಸಿಟ್ಟಿನ ಮನುಷ್ಯರೂ ಆಗಿದ್ದರು. ಆದರೆ ಅವರ ಸಿಟ್ಟು ಸ್ವಂತ ಲಾಭಕ್ಕಾಗಿ ಇರಲಿಲ್ಲವೆಂಬುದನ್ನು ವಿರೋಧಿಗಳೂ ಒಪ್ಪುತ್ತಿದ್ದರು. ಸಾಹಿತ್ಯ, ಸಂಗೀತಗಳ ರುಚಿಯಿದ್ದ ಅವರ ಸುತ್ತ ಲೇಖಕರೂ ಯುವಕರೂ ಸೇರುತ್ತಿದ್ದರು. ಮುಂದೆ ಮುಖ್ಯಮಂತ್ರಿಗಳಾದ ಎಸ್. ಬಂಗಾರಪ್ಪ ಮತ್ತು ಜೆ.ಎಚ್. ಪಟೇಲ್ ಆ ಸಮಾಜವಾದಿ ಬಳಗದಿಂದಲೇ ಬೆಳೆದವರು. ಗೋಪಾಲಗೌಡರು ಮಾತ್ರ ಮಂತ್ರಿಯಾಗಲಿಲ್ಲ, ಆಸ್ತಿ ಮಾಡಲಿಲ್ಲ. ದೀರ್ಘ ಕಾಯಿಲೆಯ ಬಳಿಕ 1972ರ ಜೂನ್ 9ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಯು.ಆರ್. ಅನಂತಮೂರ್ತಿಯವರ ಅವಸ್ಥೆ ಕಾದಂಬರಿಗೆ ಅವರ ಬದುಕೇ ಪ್ರೇರಣೆಯಾಯಿತು.

ನೆಟ್ಟವರೊಬ್ಬರು, ಉಂಡವರು ನಾವು

1961ರಲ್ಲಿ ಭೂಸುಧಾರಣಾ ಕಾಯ್ದೆಯೊಂದು ಅಂಗೀಕಾರವಾಗಿತ್ತು. ಅದು ಜಾರಿಗೆ ಬಂದದ್ದು 1965ರಲ್ಲಿ. ಆದರೆ ಸ್ವಂತ ಸಾಗುವಳಿಗೆ ಬೇಕು ಎಂದು ಹೇಳಿ ಭೂಮಿ ಬಿಡಿಸಿಕೊಳ್ಳಲು ಅದರಲ್ಲಿ ದಾರಿಗಳಿದ್ದವು. ಗೇಣಿದಾರರ ಪಾಲಿಗೆ ಅದು ಬಾಗಿಲು ತೆರೆದಂತೆ ಕಂಡರೂ ಒಳಗಿನಿಂದ ಚಿಲಕ ಹಾಕಿದ್ದ ಮನೆಯಾಗಿತ್ತು. 1972ರಲ್ಲಿ ಮುಖ್ಯಮಂತ್ರಿಯಾದ ದೇವರಾಜ ಅರಸರು ಅದನ್ನು ಬಲವಾಗಿ ತಿದ್ದಿದರು. 1974ರ ಮಾರ್ಚ್ 1ರಂದು ಗೇಣಿದಾರರ ಸ್ವಾಧೀನದಲ್ಲಿದ್ದ ಭೂಮಿ ಸರಕಾರಕ್ಕೆ ಸೇರಿತು. ಉಳುವವನು 7ನೆಯ ನಮೂನೆಯಲ್ಲಿ ಅರ್ಜಿ ಕೊಟ್ಟು ಅದನ್ನು ತನ್ನದಾಗಿಸಿಕೊಳ್ಳಬಹುದು ಎಂದಾಯಿತು. ತಾಲೂಕುಗಳಲ್ಲಿ ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷತೆಯ ಭೂನ್ಯಾಯ ಮಂಡಳಿಗಳು ಕುಳಿತವು. ಬಡವನಿಗೆ ವಕೀಲರನ್ನು ಇಡುವ ಶಕ್ತಿ ಇಲ್ಲವೆಂದು ಆರಂಭದಲ್ಲಿ ಅಲ್ಲಿ ಯಾರ ಪರವಾಗಿಯೂ ವಕೀಲರಿಗೆ ಪ್ರವೇಶವಿರಲಿಲ್ಲ. ಅರ್ಜಿಯ ಗಡುವನ್ನು ವಿಸ್ತರಿಸುತ್ತಾ ಕೊನೆಗೆ 1979ರ ಜೂನ್ 30ರವರೆಗೆ ಅವಕಾಶ ನೀಡಲಾಯಿತು.

ಇದನ್ನು ನೋಡಲು ಗೋಪಾಲಗೌಡರು ಇರಲಿಲ್ಲ. ರಾಜ್ಯಕ್ಕೆ 1973ರ ನವೆಂಬರ್ 1ರಂದು ಕರ್ನಾಟಕವೆಂಬ ಹೆಸರು ಬಂದದ್ದನ್ನೂ ಅವರು ನೋಡಲಿಲ್ಲ.

ಆದರೆ ಕಾನೂನು ಬಂದ ಮಾತ್ರಕ್ಕೆ ಎಲ್ಲವೂ ಆಗಲಿಲ್ಲ ಎಂಬುದನ್ನು ನಮ್ಮ ಊರಿನ ಹಿರಿಯರು ಬಲ್ಲರು. ಧಣಿಯ ಮುಖ ನೋಡಿ ಡಿಕ್ಲರೇಶನ್ ಕೊಡಲು ಹೆದರಿದವರಿದ್ದರು. ಅನ್ನ ಕೊಟ್ಟ ಮನೆಯ ವಿರುದ್ಧ ಅರ್ಜಿ ಹಾಕುವುದು ನಿಯತ್ತಲ್ಲವೆಂದು ನಂಬಿದವರಿದ್ದರು. ಬರೆಯಲು ಬಾರದೆ ಗಡುವು ಕಳೆದುಕೊಂಡವರೂ ಇದ್ದರು. ಅಕ್ಷರ ಬಲ್ಲ ಒಬ್ಬರು ಜಗಲಿಯಲ್ಲಿ ಕುಳಿತು ನೆರೆಹೊರೆಯವರಿಗೆಲ್ಲ ಅರ್ಜಿ ಬರೆದುಕೊಟ್ಟ ಕಡೆ ಊರಿಗೆ ಊರೇ ಉಳಿಯಿತು. ತಾಲೂಕು ಕಚೇರಿಯ ಎದುರಿನ ಸಾಲಿನಲ್ಲಿ ಟೋಪಿ, ಮುಟ್ಟಾಳೆ, ಮುಂಡಾಸುಗಳು ಒಟ್ಟಿಗೆ ನಿಂತಿದ್ದವು. ನಿನ್ನ ಧರ್ಮವೇನೆಂದು ಆ ಸಾಲಿನಲ್ಲಿ ಯಾರೂ ಕೇಳಲಿಲ್ಲ. ಉಳುತ್ತಿದ್ದವನು ನೀನೇ ಹೌದೋ ಅಲ್ಲವೋ ಎಂದು ಮಂಡಳಿ ಕೇಳಿತು. ಹೌದು, ಇವನೇ ಉಳುತ್ತಿದ್ದವನು ಎಂದು ಸಾಕ್ಷಿ ಹೇಳಲು ನೆರೆಮನೆಯವನೇ ಬೇಕಾಗಿತ್ತು. ನಮ್ಮ ಅಜ್ಜಂದಿರಿಗೆ ಸಾಕ್ಷಿ ನುಡಿದವರಲ್ಲಿ ಬೇರೆ ಧರ್ಮದವರೆಷ್ಟೋ ಮಂದಿ. ಅವರಿಗೆ ಸಾಕ್ಷಿ ನುಡಿದವರಲ್ಲಿ ನಮ್ಮವರೆಷ್ಟೋ ಮಂದಿ. ಇಂದು ಅದೇ ಊರುಗಳಲ್ಲಿ ನೆರೆಹೊರೆಯವರನ್ನು ಪರಸ್ಪರ ಅನುಮಾನದಿಂದ ನೋಡುವಂತೆ ಮಾಡುವವರಿಗೆ ಈ ಕಥೆಯನ್ನು ಹೇಳಿ.

ನ್ಯಾಯದ ಮಾತಾಡುವಾಗ ಇನ್ನೂ ಎರಡು ಸತ್ಯಗಳನ್ನು ಮುಚ್ಚಿಡಬಾರದು. ಸ್ವಲ್ಪವೇ ಗೇಣಿಯನ್ನು ನಂಬಿ ಬದುಕಿದ್ದ ವಿಧವೆಯರು, ಸಣ್ಣ ಹಿಡುವಳಿದಾರರು ಈ ಬದಲಾವಣೆಯಲ್ಲಿ ಕಷ್ಟಕ್ಕೆ ಬಿದ್ದರು. ಗೇಣಿ ಚೀಟಿಯೂ ಇಲ್ಲದೆ ಕೂಲಿಗೆ ದುಡಿದವರಿಗೆ, ಮುಖ್ಯವಾಗಿ ದಲಿತರಿಗೆ, ಈ ಕಾನೂನಿನಿಂದ ಸಿಕ್ಕಿದ್ದು ಬಹಳ ಕಡಿಮೆ. ನಮ್ಮ ಗದ್ದೆಯಲ್ಲಿ ನೇಜಿ ನೆಟ್ಟವಳಿಗೆ ಗದ್ದೆ ಬರಲಿಲ್ಲ, ಅದು ನಮಗೆ ಬಂತು.

ನಮ್ಮ ಕೈಯ ಕೊಳಗ

ಹಾಗಾದರೆ ಓದುಗರೇ, ಗೋಪಾಲಗೌಡರ ಬದುಕಿನಿಂದ ನಾವು ಕಲಿಯಬೇಕಾದುದೇನು?

ಹಕ್ಕು ಕೇಳದೆ ಬರುವುದಿಲ್ಲ. ಒಬ್ಬನೇ ಕೇಳಿದರೆ ಅದು ಗೊಣಗಾಟ, ನೂರು ಜನ ಸೇರಿ ಕೈ ಎತ್ತದೆ ಕೇಳಿದರೆ ಅದಕ್ಕೆ ಸರಕಾರ ಕಿವಿಗೊಡಬೇಕಾಗುತ್ತದೆ. ಗದ್ದೆಯಲ್ಲಿ ಕೇಳಿದ್ದನ್ನೇ ಮತಗಟ್ಟೆಯಲ್ಲೂ ವಿಧಾನಸಭೆಯಲ್ಲೂ ಕೇಳಿದಾಗ ಅದು ಕಾನೂನಾಗುತ್ತದೆ. ಕಾನೂನಾದ ಮೇಲೂ ಅರ್ಜಿ ಬರೆದು ಕೊಡುವವರು, ಸಾಕ್ಷಿ ನುಡಿಯುವವರು ಇದ್ದರೆ ಮಾತ್ರ ಅದು ಬಡವನ ಮನೆಗೆ ತಲುಪುತ್ತದೆ. ಕಾಗೋಡಿನಿಂದ ನಿಮ್ಮ ಅಜ್ಜನ ಪೆಟ್ಟಿಗೆಯವರೆಗೆ ಈ ಸರಪಳಿಯ ಕೊಂಡಿಗಳು ಇಷ್ಟೇ. ಒಂದು ಕೊಂಡಿ ತಪ್ಪಿದ್ದರೂ ಆ ಕಾಗದ ಇರುತ್ತಿರಲಿಲ್ಲ. ಬೆಂಕಿ ಹಚ್ಚಿದ ಬಸ್ಸಿನಿಂದಾಗಲೀ ಒಡೆದ ಅಂಗಡಿಯಿಂದಾಗಲೀ ಅದು ಬಂದದ್ದಲ್ಲ ಎಂಬುದನ್ನು ಯುವಕರು ವಿಶೇಷವಾಗಿ ಗಮನಿಸಬೇಕು.

2020ರಲ್ಲಿ ಭೂಸುಧಾರಣಾ ಕಾಯ್ದೆಗೆ ಮತ್ತೊಂದು ತಿದ್ದುಪಡಿ ಬಂದು, ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಲು ಇದ್ದ ತಡೆಗಳು ತೆರವಾದವು. ರೈತ ಸಂಘಟನೆಗಳು ಬೀದಿಗಿಳಿದು ಪ್ರತಿಭಟಿಸಿದವು. ಈ ಬದಲಾವಣೆ ಸರಿಯೋ ತಪ್ಪೋ ಎಂಬ ಚರ್ಚೆ ನಡೆಯಲಿ. ಆದರೆ ಅಜ್ಜ ಹೆದರುತ್ತಾ ಅರ್ಜಿ ಹಾಕಿ ಪಡೆದ ಭೂಮಿಯನ್ನು ಒಂದು ಮದುವೆಯ ಆಡಂಬರಕ್ಕಾಗಿ ಮಾರುವ ಮುನ್ನ ಆ ಕಾಗದವನ್ನೊಮ್ಮೆ ಕೈಯಲ್ಲಿ ಹಿಡಿದು ನೋಡಿ.

ಕೊನೆಯ ಮಾತೊಂದಿದೆ. ಒಕ್ಕಲಾಗಿದ್ದ ಅಜ್ಜನ ಮೊಮ್ಮಕ್ಕಳಾದ ನಾವು ಇಂದು ಕೆಲಸ ಕೊಡುವವರಾಗಿದ್ದೇವೆ. ನಮ್ಮ ತೋಟದಲ್ಲಿ ಅಡಿಕೆ ಕೊಯ್ಯಲು ದೂರದ ರಾಜ್ಯಗಳಿಂದ ಬಂದವರಿದ್ದಾರೆ. ನಮ್ಮ ಮನೆಯ ಪಾತ್ರೆ ತೊಳೆಯುವ ಹೆಂಗಸಿದ್ದಾಳೆ, ನಮ್ಮ ಅಂಗಡಿಯಲ್ಲಿ ಬೆಳಗ್ಗಿನಿಂದ ರಾತ್ರಿಯವರೆಗೆ ನಿಲ್ಲುವ ಹುಡುಗನಿದ್ದಾನೆ. ಅವರ ಕೂಲಿಯನ್ನು ನಾವು ಯಾವ ಕೊಳಗದಿಂದ ಅಳೆಯುತ್ತಿದ್ದೇವೆ? ದುಡಿದವನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಕೊಳಗದ ಲೆಕ್ಕ ಕೇಳಿದ ಗೋಪಾಲಗೌಡರು ಇಂದು ಇಲ್ಲ. ಆದರೆ ನಮ್ಮ ಅಂಗಳದಲ್ಲಿ ನಿಂತು ಅದೇ ಲೆಕ್ಕ ಕೇಳುವ ಒಬ್ಬ ಕೂಲಿಯಾಳು ನಾಳೆ ಬಂದರೆ, ಅವನನ್ನು ಹೊರಗಟ್ಟುವ ಧಣಿಯಾಗದೆ ಅವನೊಡನೆ ಕುಳಿತು ಅಳೆಯುವ ಮನುಷ್ಯನಾಗುವ ಸೌಭಾಗ್ಯವನ್ನು ಅಲ್ಲಾಹನು ನಮಗೆ ಕರುಣಿಸಲಿ.